ಒತ್ತಕ್ಷರಕ್ಕೊಂದಿಷ್ಟು ಜಾಗ

ಕನ್ನಡ ಎನ್ನುವ ಪದದಲ್ಲೇ ಒಂದು ಒತ್ತಕ್ಷರ ಇದೆ. ಶಿವಮೊಗ್ಗದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಒತ್ತು ತೆಗೆದರೆ ಉಳಿಯುವುದು ಕನಡ, ಶಿವಮೊಗ, ಭದಾವತಿ. ಕತ್ತೆ ಹೋಗಿ ಕತೆ ಆಗುತ್ತೆ, ಹಳ್ಳಿ ಹೋಗಿ ರೈಲಿನ ಹಳಿ ಆಗುತ್ತೆ, ಮಗ್ಗ ಹೋಗಿ ಮಗ ಆಗ್ತಾನೆ. ಇದನ್ನು ನಮಗೆಲ್ಲ ಒಂದನೇ ಕ್ಲಾಸಿನಲ್ಲೇ ಕಿವಿ ಹಿಂಡಿ ಕಲಿಸಿದ್ದಾರೆ. ಆದರೆ ನಮ್ಮ ಸಂಘದ ವೆಬ್‌ಸೈಟಿಗೆ ಅಂತ ಇಳಿಸಿಕೊಂಡ ಪುಕ್ಕಟೆ ಟೆಂಪ್ಲೇಟನ್ನು ಬರೆದ ಪುಣ್ಯಾತ್ಮನಿಗೆ ಯಾರೂ ಕಲಿಸಿರಲಿಲ್ಲ. ಅವನ ಪ್ರಕಾರ ಅಕ್ಷರ ಅಂದರೆ ಒಂದು ಗೆರೆಯ ಮೇಲೆ ಸಾಲಾಗಿ ನಿಂತಿರುವ ವಸ್ತು. ಇಂಗ್ಲಿಷಿನಲ್ಲಿ ಜಿ, ಜೆ, ಪಿ, ಕ್ಯೂ, ವೈ ಎಂಬ ಐದು ಸಣ್ಣಕ್ಷರಗಳು ಮಾತ್ರ ಸ್ವಲ್ಪ ಕಾಲು ಇಳಿಬಿಡುತ್ತವೆ. ಅಷ್ಟಕ್ಕೆ ಬೇಕಾದಷ್ಟೇ ಜಾಗ ಬಿಟ್ಟು ಉಳಿದಿದ್ದನ್ನು ಕತ್ತರಿಸಿಬಿಟ್ಟಿದ್ದ.

ವಿಷಯ ಇಷ್ಟೇ. ರಾಜ್ಯೋತ್ಸವದ ಹೊತ್ತಿಗೆ ಸಂಘದ ಸೈಟ್ ಹೊಸದಾಗಬೇಕಿತ್ತು. ಟೆಂಪ್ಲೇಟಿನ ಮೆನು ನೋಡೋಕೆ ಚಂದ ಇತ್ತು. ಮೌಸ್ ಹತ್ತಿರ ಹೋದ ಕೂಡಲೇ ಪದ ಮೇಲಕ್ಕೆ ಉರುಳಿ ಹೋಗಿ, ಅದೇ ಪದ ಬೇರೆ ಬಣ್ಣದಲ್ಲಿ ಕೆಳಗಿನಿಂದ ಎದ್ದು ಬರುತ್ತಿತ್ತು. ಡೆಮೋದಲ್ಲಿದ್ದ ಇಂಗ್ಲಿಷ್ ಪದಗಳಿಗೆ ಬೆಣ್ಣೆಯ ಹಾಗೆ ಓಡುತ್ತಿತ್ತು. ನಾವು 'ನಮ್ಮ ಬಗ್ಗೆ', 'ಕಾರ್ಯಕ್ರಮಗಳು', 'ಸಂಚಿಕೆಗಳು' ಅಂತ ಹಾಕಿದೆವು. ಪರದೆ ಮೇಲೆ ಬಂದದ್ದು ಹೆಚ್ಚುಕಡಿಮೆ 'ನಮ ಬಗೆ'. ಒತ್ತುಗಳ ನೆತ್ತಿ ಮಾತ್ರ ಕಾಣುತ್ತಿತ್ತು, ತುಂಗೆಯಲ್ಲಿ ಕುತ್ತಿಗೆವರೆಗೆ ಮುಳುಗಿ ನಿಂತವರ ಹಾಗೆ. 'ಕಾರ್ಯಕ್ರಮಗಳು' ತನ್ನ ಡಬ್ಬಿ ಬಿಟ್ಟು ಪಕ್ಕದವರ ಡಬ್ಬಿಗೆ ನುಗ್ಗಿತ್ತು.

ಕಮಿಟಿ ಮೀಟಿಂಗಿನಲ್ಲಿ ಒಬ್ಬಳು ಗೆಳತಿ ನೇರವಾಗಿ ಹೇಳಿದಳು: "ಮೆನು ಇಂಗ್ಲಿಷಲ್ಲೇ ಇರ್ಲಿ ಬಿಡೇ. ಒಳಗಿನ ಲೇಖನ ಎಲ್ಲ ಕನ್ನಡದಲ್ಲೇ ಇರ್ತಾವಲ್ಲ. ಹೋಮ್, ಇವೆಂಟ್ಸ್ ಯಾರಿಗೆ ಅರ್ಥ ಆಗಲ್ಲ?" ಅವಳ ಮಾತಿನಲ್ಲಿ ತಪ್ಪೇನಿಲ್ಲ. ಮುಂದಿನ ವಾರ ಇಂಟರ್ನಲ್ಸ್ ಇತ್ತು, ಹನ್ನೆರಡು ದಿನದಲ್ಲಿ ರಾಜ್ಯೋತ್ಸವ. ಆದರೂ ನನಗೆ ಒಪ್ಪಲಾಗಲಿಲ್ಲ. ಮೆನು ಅಂದರೆ ಬಾಗಿಲ ಮೇಲಿನ ಬೋರ್ಡು. ಕನ್ನಡ ಸಂಘದ ಬಾಗಿಲ ಮೇಲೆ ಇಂಗ್ಲಿಷ್ ಬೋರ್ಡ್ ಇದ್ದು, ಅದಕ್ಕೆ ಕಾರಣ 'ಕನ್ನಡ ಹಾಕಿದರೆ ಕೆಟ್ಟದಾಗಿ ಕಾಣುತ್ತೆ' ಅಂತಾದರೆ, ಒಳಗೆ ಎಷ್ಟು ಕವಿತೆ ಬರೆದು ಏನು ಬಂತು? ಸುಮಾರು ಹೊತ್ತು ಮಾತಾಡಿ ಕೊನೆಗೆ ತೀರ್ಮಾನವಾಯಿತು: ಸೋಮವಾರದೊಳಗೆ ಸರಿ ಮಾಡಿ ತೋರಿಸಿದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್.

ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಭದ್ರಾವತಿಗೆ ಹೋಗುವಾಗ ಲ್ಯಾಪ್‌ಟಾಪ್ ಜತೆಗಿತ್ತು. ನಮ್ಮ ಮನೆ ಪೇಪರ್ ಟೌನ್ ಕಡೆ. ಪಕ್ಕದಲ್ಲೇ ಸೋದರಮಾವನ ಮನೆ. ಮಾವ ಬೋರ್ಡ್ ಬರೆಯುವವರು. ಒಂದು ಕಾಲದಲ್ಲಿ ಎರಡೂ ಊರಿನ ಬಿ.ಎಚ್. ರಸ್ತೆಯಲ್ಲಿ ಅವರು ಬರೆದ ಅಂಗಡಿ ಬೋರ್ಡುಗಳಿದ್ದವು. ಲಾರಿಯ ಹಿಂಬದಿ, ಬಸ್ಸಿನ ಮಾರ್ಗದ ಬೋರ್ಡು, ಶಾಲೆಯ ಗೋಡೆ, ಎಲ್ಲ ಬರೆದವರು. ಆಮೇಲೆ ಫ್ಲೆಕ್ಸ್ ಬಂತು. ಸಂಜೆ ಕೊಟ್ಟರೆ ಬೆಳಿಗ್ಗೆ ರೆಡಿ, ಮೇಲೆ ಫೋಟೋ ಬೇರೆ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸನ್ನೂ ಸೇರಿಸಿದಾಗ ಮಾವ ಕುಂಚಗಳನ್ನೆಲ್ಲ ತೊಳೆದು ಒಣಗಿಸಿ ಇಟ್ಟಿದ್ದರು. ಕೆಲಸ ಮಾತ್ರ ವಾಪಸ್ ಬರಲಿಲ್ಲ. ಈಗ ಗಾಡಿಗಳ ನಂಬರ್ ಪ್ಲೇಟು, ಯಾವಾಗಲಾದರೊಮ್ಮೆ ಒಂದು ಗೋಡೆಬರಹ, ಅಷ್ಟೇ.

ಅವರ ಜಗಲಿಯಲ್ಲಿ ಕೂತು ಕೋಡ್ ನೋಡುತ್ತಿದ್ದಾಗ ಮಾವ ಹಿಂದಿನಿಂದ ಬಗ್ಗಿ ನೋಡಿದರು.

"ಯಾರೇ ಬರೆದದ್ದು ಇದು? ಒತ್ತೆಲ್ಲ ಚರಂಡಿಗೆ ಹೋಗಿದೆ."

"ಯಾರೂ ಬರೆದದ್ದಲ್ಲ ಮಾವ, ಕಂಪ್ಯೂಟರೇ ಬರೆಯೋದು."

"ಕಂಪ್ಯೂಟರಿಗೆ ಗೆರೆ ಹಾಕಿಕೊಡೋರು ಯಾರು? ನೀವೇ ತಾನೆ?"

ಮಾವ ಬೋರ್ಡ್ ಬರೆಯುವ ಕ್ರಮ ನನಗೆ ಚಿಕ್ಕಂದಿನಿಂದ ಗೊತ್ತು. ಸೀಮೆಸುಣ್ಣ ಉಜ್ಜಿದ ದಾರವನ್ನು ಎರಡೂ ಕಡೆ ಎಳೆದು ಹಿಡಿದು, ನಡುವೆ ಒಮ್ಮೆ ಮೀಟಿ ಬಿಟ್ಟರೆ ನೇರ ಗೆರೆ ಮೂಡುತ್ತೆ. ಆ ದಾರ ಹಿಡಿಯುವುದು ನನ್ನ ಕೆಲಸವಾಗಿತ್ತು. ಒಂದು ಸಾಲಿಗೆ ನಾಲ್ಕು ಗೆರೆ. ಮೇಲಿನ ಒಂದು ಪಾಲು ಗುಡಿಸು, ಏತ್ವಗಳಿಗೆ. ನಡುವಿನ ಎರಡು ಪಾಲು ಅಕ್ಷರದ ಮೈಗೆ. ಕೆಳಗಿನ ಒಂದು ಪಾಲು ಒತ್ತಿಗೆ. ಅಂಗಡಿಯ ಹೆಸರಿನಲ್ಲಿ ಒಂದೂ ಒತ್ತಕ್ಷರ ಇಲ್ಲದಿದ್ದರೂ ಕೆಳಗಿನ ಪಾಲು ಬಿಡಲೇಬೇಕು. ಇಲ್ಲದಿದ್ದರೆ ಕೆಳಗಿನ ಸಾಲಿನ 'ಪ್ರೊ.' ಮೇಲಿನ ಸಾಲಿನ ಬಾಲಕ್ಕೆ ಅಂಟಿಕೊಳ್ಳುತ್ತೆ. ನನಗೆ ಆವತ್ತು ಹೊಳೆದದ್ದು ಬೇರೆ ಒಂದು ಸಂಗತಿ: ಮಾವ ಯಾವತ್ತೂ ಇಂಚಿನಲ್ಲಿ ಮಾತಾಡುವುದಿಲ್ಲ, ಪಾಲಿನಲ್ಲೇ ಮಾತಾಡುತ್ತಾರೆ. ಬೋರ್ಡ್ ಮೂರಡಿ ಇರಲಿ, ಮೂವತ್ತಡಿ ಇರಲಿ, ಲೆಕ್ಕ ಅದೇ.

ಸಿಎಸ್‌ಎಸ್ ಓದಿದವರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ನಾವು ಟೆಂಪ್ಲೇಟಿನಲ್ಲಿ ನೋಡಿದ್ದೆಲ್ಲ ಪಿಕ್ಸೆಲ್: ಎತ್ತರ ಇಪ್ಪತ್ತು ಪಿಕ್ಸೆಲ್, ಅಗಲ ನೂರಹತ್ತು ಪಿಕ್ಸೆಲ್. ಅದು ಇಂಚಿನ ಲೆಕ್ಕ. ಪಾಲಿನ ಲೆಕ್ಕಕ್ಕೆ ಸಿಎಸ್‌ಎಸ್‌ನಲ್ಲಿ 'ಎಮ್' ಎಂಬ ಅಳತೆ ಇದೆ. ಅಚ್ಚಿನ ಮೊಳೆಗಳ ಕಾಲದಿಂದ ಬಂದ ಹೆಸರು. ಒಂದು ಎಮ್ ಅಂದರೆ ಆ ಜಾಗದ ಅಕ್ಷರದ ಗಾತ್ರ ಎಷ್ಟೋ ಅಷ್ಟು. ಅಕ್ಷರ ದೊಡ್ಡದಾದರೆ ಸುತ್ತಲಿನ ಜಾಗವೂ ತಾನಾಗಿ ದೊಡ್ಡದಾಗುತ್ತೆ.

ಉರುಳುವ ಮೆನುವಿನ ಗುಟ್ಟು ಹೀಗಿತ್ತು. ಪದ ಕೂತಿರುವ ಪೆಟ್ಟಿಗೆಯ ಎತ್ತರ ಸರಿಯಾಗಿ ಒಂದು ಸಾಲು, ಲೈನ್-ಹೈಟ್ 1, ಮೇಲೆ ಓವರ್‌ಫ್ಲೋ ಹಿಡನ್. ಎರಡನೇ ಬಣ್ಣದ ಪದ ಪೆಟ್ಟಿಗೆಯ ಕೆಳಗೆ ಅಡಗಿ ಕೂತಿರುತ್ತೆ, ಹೋವರ್ ಆದಾಗ ಎರಡೂ ಇಪ್ಪತ್ತು ಪಿಕ್ಸೆಲ್ ಮೇಲೆ ಹೋಗುತ್ತವೆ. ಪೆಟ್ಟಿಗೆಯಿಂದ ಹೊರಗಿದ್ದದ್ದು ಕಾಣಬಾರದು ಅಂತ ಓವರ್‌ಫ್ಲೋ ಹಿಡನ್ ಹಾಕಿದ್ದರು. ನಮ್ಮ ಒತ್ತುಗಳೂ ಪೆಟ್ಟಿಗೆಯ ಹೊರಗೇ ಇದ್ದವಲ್ಲ, ಅವೂ ಹೋದವು. ನಾನು ಲೈನ್-ಹೈಟ್ 1.8 ಮಾಡಿದೆ, ಎತ್ತರ 1.8 ಎಮ್ ಮಾಡಿದೆ, ಉರುಳುವ ದೂರವನ್ನು ಪಿಕ್ಸೆಲ್‌ನಲ್ಲಿ ಹೇಳದೆ ಮೈನಸ್ ನೂರು ಪರ್ಸೆಂಟ್ ಅಂದೆ. ಅಂದರೆ 'ನಿನ್ನ ಎತ್ತರ ಎಷ್ಟಿದೆಯೋ ಅಷ್ಟು ಮೇಲೆ ಹೋಗು'. ಒತ್ತುಗಳು ನೀರಿನಿಂದ ಎದ್ದು ದಡಕ್ಕೆ ಬಂದವು. ಮಾವ "ಹಾಂ" ಅಂದು ಒಳಗೆ ಹೋದರು.

ಹಾಗಂತ ಎಲ್ಲ ಅಲ್ಲಿಗೇ ಮುಗಿಯಲಿಲ್ಲ. ಟೆಂಪ್ಲೇಟಿನಲ್ಲಿ ಎಲ್ಲ ಅಕ್ಷರ ದೊಡ್ಡಕ್ಷರ ಮಾಡು ಅಂತ ಒಂದು ಸಾಲಿತ್ತು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದ್ದರಿಂದ ಅದು ಸುಮ್ಮನಿತ್ತು. ಅದರ ಪಕ್ಕದಲ್ಲಿದ್ದ ಲೆಟರ್-ಸ್ಪೇಸಿಂಗ್ ಎರಡು ಪಿಕ್ಸೆಲ್ ಮಾತ್ರ ಸುಮ್ಮನಿರಲಿಲ್ಲ. ಇಂಗ್ಲಿಷ್ ದೊಡ್ಡಕ್ಷರಗಳನ್ನು ಸ್ವಲ್ಪ ಬಿಡಿಸಿ ಇಟ್ಟರೆ ಗಂಭೀರವಾಗಿ ಕಾಣುತ್ತೆ. ಕನ್ನಡದಲ್ಲಿ 'ಸಂ ಪ ರ್ಕ' ಅಂತ ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗುವಿನ ದನಿ ಕೇಳಿಸುತ್ತೆ. ಎರಡೂ ಸಾಲು ಅಳಿಸಿದೆ.

ಇನ್ನು ಅಡಿಗೆರೆ. ಲಿಂಕ್ ಅಂದರೆ ಅಡಿಗೆರೆ ಇರಬೇಕು ಅನ್ನುವುದು ವೆಬ್‌ನ ಹಳೇ ಸಂಪ್ರದಾಯ. ಈಗಿನ ಬ್ರೌಸರುಗಳು ಅಡಿಗೆರೆ ಎಳೆಯುವಾಗ ಅಕ್ಷರದ ಕಾಲು ಅಡ್ಡ ಬಂದರೆ ಅಲ್ಲಿ ಗೆರೆಯನ್ನು ಬಿಟ್ಟು ಮುಂದೆ ಹೋಗುತ್ತವೆ. ಇಂಗ್ಲಿಷಿನಲ್ಲಿ ಒಂದೋ ಎರಡೋ ಕಡೆ ಕಡಿದರೆ ಚಂದ. 'ಕಾರ್ಯಕ್ರಮಗಳು' ಪದದ ಕೆಳಗೆ ಅದೇ ಗೆರೆ ತುಂಡು ತುಂಡಾಗಿ, ಮಳೆಗಾಲ ಮುಗಿದ ಮೇಲಿನ ನಮ್ಮೂರ ರಸ್ತೆಯ ಬಿಳಿ ಪಟ್ಟಿಯ ಹಾಗೆ ಕಾಣುತ್ತೆ. ಅದಕ್ಕೆ ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್ ಅಂತ ಒಂದು ಗುಣ ಇದೆ, ಗೆರೆಯನ್ನು ಒತ್ತಿಗಿಂತ ಕೆಳಕ್ಕೆ ಇಳಿಸಬಹುದು. ನಾನು ಲೇಖನಗಳ ಒಳಗೆ ಅದನ್ನೇ ಬಳಸಿದೆ. ಮೆನುವಿಗೆ ಎಡದಿಂದ ಬಲಕ್ಕೆ ಬೆಳೆಯುವ ಗೆರೆಯೂ ಬೇಕು ಅಂತ ಹಟ ಇತ್ತು. ಹುಸಿ ಅಂಶ ಒಂದನ್ನು ಇಟ್ಟು, ಪದದ ಕೆಳಗೆ ಅರ್ಧ ಎಮ್ ಪ್ಯಾಡಿಂಗ್ ಕೊಟ್ಟು, ಅದರ ತಳದಲ್ಲಿ ಗೆರೆ ಕೂರಿಸಿದೆ. ಗೆರೆಯ ಅಗಲವನ್ನು ಸೊನ್ನೆಯಿಂದ ನೂರಕ್ಕೆ ಬೆಳೆಸುವ ಬದಲು ಸ್ಕೇಲ್‌ಎಕ್ಸ್‌ನಲ್ಲಿ ಹಿಗ್ಗಿಸಿದರೆ ಬ್ರೌಸರ್ ಪ್ರತಿ ಹೆಜ್ಜೆಗೂ ಲೇಔಟ್ ಲೆಕ್ಕ ಹಾಕಬೇಕಾಗಿಲ್ಲ. ಹಳೇ ಫೋನುಗಳಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಪದಗಳ ಅಗಲಕ್ಕೆ ಬಂದಾಗ ಮಾವ ಮತ್ತೆ ಹಾಜರ್. ನೂರಹತ್ತು ಪಿಕ್ಸೆಲ್ಲಿನ ಡಬ್ಬಿ ಕಿತ್ತುಹಾಕಿ, ಪದ ಎಷ್ಟಿದೆಯೋ ಅಷ್ಟು ಜಾಗ, ನಡುವೆ ಸಮನಾದ ಅಂತರ, ಸಾಲದಿದ್ದರೆ ಮುಂದಿನ ಸಾಲಿಗೆ ಹೋಗು ಅಂತ ಬರೆಯುತ್ತಿದ್ದೆ. "ಇದಕ್ಕೆ ಏನಂತ ಬರೀತೀಯ?" ಅಂದರು.

"ಡಿಸ್‌ಪ್ಲೇ ಫ್ಲೆಕ್ಸ್ ಅಂತ, ಮಾವ."

"ಅಲ್ಲಿಗೂ ಬಂತೇನೇ ಅದು!"

ಅತ್ತೆ ಅಡುಗೆಮನೆಯಿಂದ ನಕ್ಕಿದ್ದು ಕೇಳಿಸಿತು. ನನಗೆ ಪೂರ್ತಿ ನಗು ಬರಲಿಲ್ಲ. ಬ್ಯಾನರಿನ ಫ್ಲೆಕ್ಸಿಗೂ ಸಿಎಸ್‌ಎಸ್‌ನ ಫ್ಲೆಕ್ಸಿಗೂ ಸಂಬಂಧ ಇರುವುದು ಹೆಸರಿನಲ್ಲಿ ಮಾತ್ರ, ಎರಡೂ ಬಗ್ಗುವಂಥವು ಅಂತ. ಆದರೂ ಈ ಮನೆಯಲ್ಲಿ ಆ ಪದಕ್ಕೆ ಬೇರೆ ತೂಕ ಇದೆ.

ಸ್ವಲ್ಪ ಹಿಂದಿನ ಕತೆ ಹೇಳಬೇಕು. ಸಿಎಸ್‌ಎಸ್ ಎಂಬುದನ್ನು ಹೋಕನ್ ವಿಯುಮ್ ಲೀ ಎಂಬ ನಾರ್ವೆಯವರು 1994ರಲ್ಲಿ ಸರ್ನ್‌ನಲ್ಲಿದ್ದಾಗ ಮುಂದಿಟ್ಟರು. ಮೊದಲ ಆವೃತ್ತಿ ಅಧಿಕೃತವಾಗಿದ್ದು 1996ರ ಡಿಸೆಂಬರಿನಲ್ಲಿ. ಅದರಲ್ಲಿ ಬಣ್ಣ, ಅಂಚು, ಅಕ್ಷರ ಇತ್ತೇ ಹೊರತು ಪುಟವನ್ನು ಕಂಬಗಳಾಗಿ ಹಂಚಲು ಸರಿಯಾದ ಉಪಾಯ ಇರಲಿಲ್ಲ. ವರ್ಷಗಟ್ಟಲೆ ಜನ ಟೇಬಲ್ ಒಳಗೆ ಟೇಬಲ್ ಇಟ್ಟು, ಆಮೇಲೆ ಫ್ಲೋಟ್ ಮಾಡಿ ತೇಪೆ ಹಾಕಿ ದಿನ ದೂಡಿದರು. ಫ್ಲೆಕ್ಸ್ ಬಂದು ಸಾಲುಗಳ ಕಷ್ಟ ತೀರಿತು. ಗ್ರಿಡ್ 2017ರ ಮಾರ್ಚಿನಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಒಂದೇ ತಿಂಗಳಲ್ಲಿ ಬಂತು. ನಮ್ಮ ಸಂಚಿಕೆಗಳ ಪುಟ ಈಗ ಗ್ರಿಡ್‌ನಲ್ಲಿದೆ: ಒಂದೊಂದು ಮುಖಪುಟಕ್ಕೆ ಕನಿಷ್ಠ ಹದಿನಾಲ್ಕು ಎಮ್, ಎಷ್ಟು ಹಿಡಿಸುತ್ತೋ ಅಷ್ಟು ಕಂಬ. ಪೇಪರ್ ಟೌನಿನಲ್ಲಿ ಬೆಳೆದವಳಿಗೆ ಕಾಗದ ಅಂದರೆ ಗೊತ್ತಿರುವ ಅಳತೆ. ವೆಬ್ ಪುಟಕ್ಕೆ ಆ ಭಾಗ್ಯ ಇಲ್ಲ, ನೋಡುವವರ ಕೈಯಲ್ಲಿ ಏನಿದೆಯೋ ಅದೇ ಅದರ ಕಾಗದ. ಮಿಲ್ಲು ಈಗ ಹಲವು ವರ್ಷಗಳಿಂದ ನಿಂತಿದೆ. ಅದು ಬೇರೆಯೇ ಬರೆಯಬೇಕಾದ ವಿಷಯ.

ಡ್ರಾಪ್‌ಡೌನ್ ಮೆನುವಿಗೆ ಇಡೀ ಭಾನುವಾರ ಹೋಯಿತು. 'ಸಂಚಿಕೆಗಳು' ಮೇಲೆ ಮೌಸ್ ಇಟ್ಟರೆ ಕೆಳಗೆ ವರ್ಷಗಳ ಪಟ್ಟಿ ತೆರೆದುಕೊಳ್ಳಬೇಕು. ತೆರೆದುಕೊಳ್ಳುತ್ತಿತ್ತು, ಆದರೆ ಅದರ ಕಡೆ ಮೌಸ್ ಒಯ್ಯುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತು. ಪದಕ್ಕೂ ಪಟ್ಟಿಗೂ ನಡುವೆ ಟೆಂಪ್ಲೇಟಿನವರು ಅಂದಕ್ಕೆ ಅಂತ ಹತ್ತು ಪಿಕ್ಸೆಲ್ ಮಾರ್ಜಿನ್ ಬಿಟ್ಟಿದ್ದರು. ಮಾರ್ಜಿನ್ ಯಾರ ಸ್ವತ್ತೂ ಅಲ್ಲ. ಅಲ್ಲಿ ಮೌಸ್ ಕಾಲಿಟ್ಟ ಕೂಡಲೇ ಹೋವರ್ ಮುಗಿಯುತ್ತೆ. ಅದೇ ಅಂತರವನ್ನು ಪಟ್ಟಿಯ ಪ್ಯಾಡಿಂಗ್ ಮಾಡಿದರೆ ಅದು ಪಟ್ಟಿಯದೇ ಜಾಗ, ಸೇತುವೆ ಕಟ್ಟಿದ ಹಾಗೆ. ಮೃದುವಾಗಿ ತೆರೆಯಬೇಕಾದರೆ ಡಿಸ್‌ಪ್ಲೇ ನನ್ ಬದಲು ವಿಸಿಬಿಲಿಟಿ ಮತ್ತು ಒಪಾಸಿಟಿ ಬಳಸುವುದು ಸುಲಭ. ಇಷ್ಟಾದ ಮೇಲೆ ಪಟ್ಟಿ ಫೋಟೋ ಸ್ಲೈಡರಿನ ಹಿಂದೆ ಹೋಗಿ ಅವಿತುಕೊಂಡಿತು. ಝಡ್-ಇಂಡೆಕ್ಸ್ 999 ಕೊಟ್ಟರೂ ಇಲ್ಲ, 9999 ಕೊಟ್ಟರೂ ಇಲ್ಲ. ಹೆಡರ್ ತನ್ನದೇ ಒಂದು ಪದರ ಆಗಿ ಸ್ಲೈಡರಿನ ಪದರಕ್ಕಿಂತ ಕೆಳಗೆ ಇದ್ದರೆ, ಅದರೊಳಗಿನ ಪಟ್ಟಿ ಎಷ್ಟು ಎಗರಿದರೂ ಪ್ರಯೋಜನ ಇಲ್ಲ. ನೆಲಮಹಡಿಯಲ್ಲಿ ಎಷ್ಟು ಎತ್ತರದ ಸ್ಟೂಲ್ ಹತ್ತಿದರೂ ಮೊದಲ ಮಹಡಿಯವನಿಗಿಂತ ಮೇಲಾಗುತ್ತೇವೆಯೇ? ಹೆಡರಿಗೇ 1 ಅಂತ ಕೊಟ್ಟೆ, ಸರಿಯಾಯಿತು.

ಮೆನು ಮೇಲೆ ಅಂಟಿಕೊಂಡಿರಲಿ ಅಂತ ಸ್ಟಿಕಿ ಹಾಕಿದರೆ ಅಂಟಲಿಲ್ಲ. ಹುಡುಕಿದರೆ ಮತ್ತೆ ಅದೇ ಖಳನಾಯಕ: ಹೊರಗಿನ ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್. ಅದರ ಬದಲು ಓವರ್‌ಫ್ಲೋ ಕ್ಲಿಪ್ ಅಂತ ಹಾಕಿದ ಮೇಲೆ ಅಂಟಿತು.

ಫೋನಿನಲ್ಲಿ ಹೋವರ್ ಎಂಬುದೇ ಇಲ್ಲವಲ್ಲ. ಅತ್ತೆಯ ಫೋನನ್ನು ಪರೀಕ್ಷೆಗೆ ಇಸಿದುಕೊಂಡೆ. ಅವರು ಅಕ್ಷರದ ಗಾತ್ರ ದೊಡ್ಡದು ಮಾಡಿಟ್ಟುಕೊಂಡಿದ್ದಾರೆ. ಮೂರು ಗೆರೆಯ ಚಿಹ್ನೆ ನೋಡಿ "ಇದೇನೇ, ಡಿಸೈನಾ?" ಅಂದರು. ಅದನ್ನು ಒತ್ತಬೇಕು ಅಂತ ಅವರಿಗೆ ಯಾರು ಹೇಳಿದ್ದಾರೆ? ಪಕ್ಕದಲ್ಲಿ 'ಮೆನು' ಅಂತ ಅಕ್ಷರದಲ್ಲೇ ಬರೆದೆ, ತಕ್ಷಣ ಒತ್ತಿದರು. ತೆರೆಯುವ ಪಟ್ಟಿಗೆ ಡೀಟೇಲ್ಸ್ ಮತ್ತು ಸಮ್ಮರಿ ಟ್ಯಾಗ್ ಬಳಸಿದೆ. ಜಾವಾಸ್ಕ್ರಿಪ್ಟ್ ಇಲ್ಲದೆ ಬೆರಳಿಗೂ ಕೀಬೋರ್ಡಿಗೂ ಕೆಲಸ ಮಾಡುತ್ತೆ. ಚೆಕ್‌ಬಾಕ್ಸ್ ಅಡಗಿಸಿಟ್ಟು ಮೆನು ತೆರೆಯುವ ತಂತ್ರ ತುಂಬಾ ಕಡೆ ಸಿಗುತ್ತೆ. ನನಗೇನೋ ಅದು ಬಾಗಿಲಿದ್ದೂ ಕಿಟಕಿಯಿಂದ ಇಳಿದ ಹಾಗೆ.

ಫಾಂಟಿನ ವಿಚಾರದಲ್ಲಿ ಒಂದು ತಮಾಷೆ. ಟೆಂಪ್ಲೇಟಿನ ಫಾಂಟಿನಲ್ಲಿ ಕನ್ನಡವೇ ಇಲ್ಲ. ಆಗ ಬ್ರೌಸರ್ ಆ ಯಂತ್ರದಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದನ್ನು ಎಳೆದು ತರುತ್ತೆ. ಒಂದೇ ಮೆನು ಒಬ್ಬೊಬ್ಬರಿಗೆ ಒಂದೊಂದು ಎತ್ತರ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ಕನ್ನಡ ಫಾಂಟಿನ ಹೆಸರು ಏನು ಗೊತ್ತಾ? ತುಂಗಾ! ಗಂಗಾ ಸ್ನಾನ, ತುಂಗಾ ಪಾನ ಅನ್ನುವ ಊರಿನವರಾಗಿ ನಾವು ಅದನ್ನೇ ಬಳಸಬೇಕಿತ್ತು, ಆದರೆ ಫೋನುಗಳಲ್ಲಿ ಅದು ಇಲ್ಲ. ಅದಕ್ಕೆ ನೋಟೋ ಸಾನ್ಸ್ ಕನ್ನಡವನ್ನು ಸೈಟಿನ ಜತೆಗೇ ಕಳಿಸುತ್ತಿದ್ದೇವೆ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಕನ್ನಡ ಅಂತ ಹೇಳಿ, ಸಿಎಸ್‌ಎಸ್‌ನಲ್ಲಿ 'ಕನ್ನಡ ಇರುವ ಕಡೆಯೆಲ್ಲ ಲೈನ್-ಹೈಟ್ 1.8' ಅಂತ ಒಂದೇ ನಿಯಮ ಬರೆದರೆ, ಇಂಗ್ಲಿಷ್ ಭಾಗ ತನ್ನ ಪಾಡಿಗೆ ತಾನಿರುತ್ತೆ.

ಕೊನೆಗೆ ಪದಗಳ ಜಗಳ. 'ಗ್ಯಾಲರಿ'ಗೆ 'ಛಾಯಾಚಿತ್ರ ಸಂಪುಟ' ಅಂತ ಒಬ್ಬರು ಸೂಚಿಸಿದ್ದರು. ನಾನು 'ಫೋಟೋಗಳು' ಅಂದೆ. ಅತ್ತೆ 'ಫೋಟೋ ತೋರಿಸು' ಅಂತಾರೆ, ನಾವೂ ಹಾಗೇ ಅನ್ನುತ್ತೇವೆ. ಸಾಂಸ್ಕೃತಿಕ ಕನ್ನಡ ಪೇಪರಿನಲ್ಲಿ ಬರೆಯಲು ಬೇರೆ ಕನ್ನಡ ಇದ್ದರೂ ಬೋರ್ಡಿನ ಮೇಲೆ ಕೈ ನೇರ ಹೋಗುವ ಪದವೇ ಇರಲಿ. 'ಮುಖಪುಟ', 'ಸಂಪರ್ಕ' ಯಾರಿಗೂ ತೊಡಕಾಗಲಿಲ್ಲ.

ಸೋಮವಾರ ಲ್ಯಾಬ್ ಮುಗಿದ ಮೇಲೆ ತೋರಿಸಿದೆ. ಗೆಳತಿ ಮಾತಾಡದೆ ಬ್ರೌಸರ್ ಕಿಟಕಿಯನ್ನು ಹಿಂಡಿ ಹಿಂಡಿ ಸಣ್ಣದು ಮಾಡಿದಳು, ದೊಡ್ಡದು ಮಾಡಿದಳು, ಝೂಮ್ ಇನ್ನೂರು ಪರ್ಸೆಂಟ್ ಮಾಡಿದಳು. ಆಮೇಲೆ "ಇರ್ಲಿ ಕಣೇ, ಕನ್ನಡದಲ್ಲೇ ಇರ್ಲಿ. ಆದ್ರೆ ಹಳೇ ಸಂಚಿಕೆ ಏನ್ ಮಾಡ್ತೀಯ?" ಅಂದಳು. ಅದು ಇನ್ನೂ ಬಾಕಿ. ಆ ಫೈಲುಗಳೆಲ್ಲ ಯೂನಿಕೋಡ್ ಅಲ್ಲದ ಹಳೆಯ ನುಡಿಯಲ್ಲಿ ಟೈಪ್ ಆದಂಥವು. ವೆಬ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಯೂರೋಪಿನ ಟೋಪಿ-ಚುಕ್ಕಿ ಅಕ್ಷರ ಎಲ್ಲ ಕಲಸಿದ ಚಿತ್ರಾನ್ನ. ಪರಿವರ್ತಕ ಬಳಸಿ ಒಂದೊಂದಾಗಿ ಬದಲಿಸಿ, ಒತ್ತುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಕರಡು ತಿದ್ದಲು ಜನ ಬೇಕು, ಆಸಕ್ತಿ ಇದ್ದವರು ಸಂಘದ ಕೋಣೆಗೆ ಬನ್ನಿ.

ಮುಂದಿನ ವರ್ಷ ಸೈಟನ್ನು ನೋಡಿಕೊಳ್ಳುವ ಜೂನಿಯರ್‌ಗಳಿಗೆ ಒಂದು ಮಾತು. ಸಿಎಸ್‌ಎಸ್‌ನಲ್ಲಿ ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು, ಬ್ರೌಸರುಗಳು ಒಪ್ಪುತ್ತವೆ. ನಮ್ಮ ಫೈಲಿನ ಮೊದಲಲ್ಲೇ 'ಮೇಲ್ಪಾಲು', 'ಕೆಳಪಾಲು' ಅಂತ ಎರಡು ಇವೆ. ಕೆಳಪಾಲು ಅರ್ಧ ಎಮ್. ಹೆಡರ್ ಸ್ವಲ್ಪ ದಪ್ಪ ಆಯಿತು ಅನ್ನಿಸಿದರೆ ಮೇಲ್ಪಾಲಿಗೆ ಕೈ ಹಾಕಿ, ಕೆಳಪಾಲನ್ನು ಮುಟ್ಟಬೇಡಿ.